ಗಂಡಿನ ಪಾರ್ಟಿ ಮತ್ತು ನಿಷೇಧಾಜ್ಞೆ

ಕೆಲವರಿಗೆ ಧೈರ್ಯ ಹುಟ್ಟಿನಿಂದ ಬರುತ್ತದೆ. ನನಗೆ ಅದು ಹೆಂಡತಿ ‘ಬೇಡ’ ಎಂದ ತಕ್ಷಣ ಬರುತ್ತದೆ.

ಎರಡು ಪಕ್ಷದವರು ಒಂದೇ ದಿನ, ಒಂದೇ ರಸ್ತೆಯಲ್ಲಿ ಮೆರವಣಿಗೆ ತೆಗೆಯುತ್ತೇವೆಂದು ಹಠ ಹಿಡಿದಿದ್ದರಿಂದ ನಮ್ಮ ಸೇಡಂನಲ್ಲಿ ನಿಷೇಧಾಜ್ಞೆ ಜಾರಿಯಾಗಿತ್ತು. ಐದು ಜನ ಒಟ್ಟಿಗೆ ಸೇರುವಂತಿಲ್ಲ. ಎಲ್ಲಿ ನೋಡಿದರೂ ಖಾಕಿ. ಚಹಾದಂಗಡಿಯ ಬೆಂಚಿನಲ್ಲಿ ನಾನು ದಿನಾ ಕೂರುವ ಜಾಗದಲ್ಲೂ ಒಂದು ಲಾಠಿ ಒರಗಿತ್ತು!

ಅದೇ ದಿನ ಮಗಳು ಸವಿತಾಳನ್ನು ನೋಡಲು ಶಹಾಬಾದದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಫೋಟೋದಲ್ಲೇ ಅವಳಿಗೆ ಹಿಡಿಸಿದ್ದ. ಅವಳಿಗೆ ಯಾರಾದರೂ ಹಿಡಿಸಿದ್ದು ಅದೇ ಮೊದಲು.

“ಮುಂದಿನ ವಾರ ಬರ್ರಿ ಅಂತ ಫೋನ್ ಹಚ್ಚಿ ಹೇಳ್ರಿ,” ಎಂದಳು ಹೆಂಡತಿ ಮಹಾದೇವಿ.

“ಇಷ್ಟು ಮಂದಿ ಪೊಲೀಸ್ರು ಇರೂವಾಗ ಬೀಗರಿಗೆ ಏನ ಅಂಜಿಕಿ?” ಎಂದು ಹೊಸ ಅಂಗಿ ತೊಟ್ಟು ಹೊರಟೆ.

ಊರ ಬಾಗಿಲಿನ ಬ್ಯಾರಿಕೇಡ್ ಬಳಿ ಅವರ ಕ್ರೂಸರ್ ಜೀಪು ನಿಂತಿತು. ಜನ ಇಳಿದರು. ಇಳಿದರು. ಇನ್ನೂ ಇಳಿದರು! ನಾನು ಸಂಭ್ರಮದಿಂದ ನಡುರಸ್ತೆಯಲ್ಲಿ ಎರಡೂ ಕೈ ಎತ್ತಿ, “ಬರ್ರಿ, ಬರ್ರಿ! ಎಲ್ಲಾರೂ ಬರ್ರಿ!” ಎಂದು ಕೂಗಿದೆ.

ಮೊದಲು ಬಂದವರು ಪೊಲೀಸರು.

“ಯಾವ ಪಾರ್ಟಿ?” ಎಂದರು ಇನ್ಸ್‌ಪೆಕ್ಟರ್.

“ಗಂಡಿನ ಪಾರ್ಟಿ, ಸಾಹೇಬ್ರ.”

“ಬೇಡಿಕಿ ಏನು?”

“ಅದನ್ನ ಅವರು ನಾಷ್ಟಾ ಆದಮ್ಯಾಲ ಹೇಳ್ತಾರ್ರಿ.”

ಹಿಂದೆ ನಿಂತ ಕಾನ್‌ಸ್ಟೆಬಲ್ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ.

“ಈ ಗುಂಪು ಕರೆಸಿದವ್ರು ಯಾರು?”

ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಮಾನದ ಪ್ರಶ್ನೆ! ಎದೆಯುಬ್ಬಿಸಿ, “ನಾನ ರೀ!” ಎಂದೆ.

“ಹಂಗಾರ ನೀವು ವ್ಯಾನಿನಾಗ ಕುಂದ್ರಿ. ಇವರು ನಾಕ್ ನಾಕ್ ಮಂದಿ ಹೋಗಿ ಹುಡುಗೀನ್ನ ನೋಡ್ಕೊಂಡು ಬರ್ಲಿ.”

ಮೊದಲ ತಂಡದಲ್ಲಿ ಸೋದರಮಾವ, ಚಿಕ್ಕಪ್ಪ, ಅತ್ತೆ, ಅಜ್ಜಿ ಹೊರಟರು. ಯಾರೂ ಹಿಂದೆ ಸರಿಯಲೊಲ್ಲರು. ಗಂಡಿಗೇ ಜಾಗ ಸಿಗಲಿಲ್ಲ! ಆತ ವ್ಯಾನಿನ ಕಿಟಕಿಯ ಹತ್ತಿರ ಬಂದು ನಿಂತ. ಭಾವಿ ಮಾವನ ಗಾಂಭೀರ್ಯ ಬಿಡದೆ ಕಂಬಿ ಹಿಡಿದುಕೊಂಡೇ ಕೇಳಿದೆ:

“ಆರಾಮ ಇದ್ದೀರಿ?”

“ನಾ ಆರಾಮ ಇದ್ದೀನ್ರಿ ಮಾಮಾ. ನಿಮ್ಮನ್ನ ಬಿಡ್ತಾರೇನ್ರಿ?”

ಹೋದವರು ಬಾಯಿ ಒರೆಸಿಕೊಳ್ಳುತ್ತ ಮರಳಿದರು, ಹಸಿದವರು ಹೋದರು. ಕೊನೆಯ ತಂಡದಲ್ಲಿ ಗಂಡು ಹೋಗಿ ಕಿವಿವರೆಗೆ ನಗುತ್ತ ಬಂದ. ಕಾವಲಿಗೆಂದು ಜೊತೆಗೆ ಹೋಗಿದ್ದ ಕಾನ್‌ಸ್ಟೆಬಲ್ ನನ್ನ ಕಡೆ ಬಾಗಿ, “ನಿಮ್ಮ ಮನಿ ಸುಸಲಾ-ಮಿರ್ಚಿ ಭಾಳ ಛಲೋ ಆಗ್ಯಾವ್ರಿ,” ಎಂದ. ನನಗೆ ಆ ಒಗ್ಗರಣೆ ಮಂಡಕ್ಕಿ, ಬಜ್ಜಿಯ ವಾಸನೆಯೂ ದಕ್ಕಿರಲಿಲ್ಲ.

ಕ್ರೂಸರ್ ಹೋದ ಮೇಲೆ ನನ್ನನ್ನು ಬಿಟ್ಟರು. ಮನೆಯಲ್ಲಿ ಸವಿತಾ ಸಕ್ಕರೆ ಹಂಚುತ್ತಿದ್ದಳು. ಸಂಬಂಧ ಕುದುರಿತ್ತು!

“ನಾ ಇಲ್ಲದ ಮಾತುಕತಿ ಹೆಂಗ ಆತು?” ಎಂದೆ, ತುಸು ನೊಂದು.

“ನೀವು ಇಲ್ಲದ್ದಕ್ಕ ಲಗೂನ ಮುಗೀತು,” ಎಂದಳು ಮಹಾದೇವಿ. “ಲಗ್ನದ ದಿನ ಆ ಸಾಹೇಬ್ರಿಗೆ ತಪ್ಪದ ಬರಾಕ ಹೇಳ್ರಿ. ವ್ಯಾನ್ ತಗೊಂಡೇ ಬರ್ಲಿ!”