ಏಳನೆಯ ಮನೆಯಲ್ಲಿ ನಕ್ಷತ್ರ

ಸತ್ತವರು ಬಂದು ಮಾತಾಡುತ್ತಾರೆ ಎಂಬುದನ್ನು ನಂಬುವವಳು ನಾನಲ್ಲ. ದಿನಾ ಇಷ್ಟಲಿಂಗ ಹಿಡಿಯುವ ಕೈಗೆ ದೆವ್ವದ ಅಂಜಿಕೆ ಇರಬಾರದು ಅಂತ ನನ್ನ ತಿಳುವಳಿಕೆ. ಆದರೆ ಎಳ್ಳ ಅಮವಾಸ್ಯೆಯ ಹಿಂದಿನ ದಿನ, ನಡು ಮಧ್ಯಾಹ್ನ, ಕಡುಬಿಗೆಂದು ಸಜ್ಜೆ ಹಿಟ್ಟು ಸಾಣಿಸುತ್ತ ಕೂತಿದ್ದಾಗ ಸೊಸೆ ಮೇಘನಾ ಕೋಣೆಯಿಂದ ಕೂಗಿದಳು: "ಅತ್ತೆ, ಬೇಗ ಬನ್ನಿ! ಮಾವ ಬರೀತಿದಾರೆ!" ಸಾಣಿಗೆ ಕೈಜಾರಿತು. ಹಿಟ್ಟು ಚೆಲ್ಲಲಿಲ್ಲ, ಗುರುವಿನ ದಯೆ. ಯಜಮಾನರು ಲಿಂಗೈಕ್ಯರಾಗಿ ಆಗಲೇ ಮೂರು ವರ್ಷವಾಗಿತ್ತು.

ಅವರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ಯಾವ ರೈತನ ಕಬ್ಬನ್ನು ಯಾವ ದಿನ ಕಡಿಯಬೇಕು ಎಂಬ ಪಾಳಿಯ ಪಟ್ಟಿ ತೆಗೆಯುವ ಪ್ರೋಗ್ರಾಮ್ ಬರೆದದ್ದು ಅವರೇ, ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ. ಪಾಳಿ ತಪ್ಪಿಸಿಕೊಂಡವನ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ, ಕಬ್ಬು ನಿಂತಲ್ಲೇ ಒಣಗುತ್ತದೆ. ಆ ಪ್ರೋಗ್ರಾಮನ್ನು ಈಗಿನ ಹೊಸ ಸಲಕರಣೆಗಳಿಗೆ ಒಗ್ಗಿಸುವ ಕೆಲಸ ಮೈಸೂರು ಕಡೆಯಿಂದ ಬಂದ ನನ್ನ ಸೊಸೆಗೇ ಸಿಕ್ಕಿತ್ತು. ನಮ್ಮ ಜೇವರ್ಗಿಯ ಮನೆಯಲ್ಲೇ ಕೂತು ಮಾಡುತ್ತಿದ್ದಳು. ಹೊಸ ರೀತಿಯ ಮೊದಲ ಪಟ್ಟಿ, ಮರುದಿನದ ಕಡಿತದ್ದು, ಅಂದೇ ನಾಲ್ಕು ಗಂಟೆಗೆ ಕಾರ್ಖಾನೆಗೆ ಹೋಗಬೇಕಿತ್ತು.

ಹೋಗಿ ನೋಡಿದರೆ, ಅವಳು ಎರಡು ಅಕ್ಷರ ಒತ್ತುವಷ್ಟರಲ್ಲಿ ಮುಂದಿನದು ತಾನಾಗಿ ಬೂದಿ ಬಣ್ಣದಲ್ಲಿ ಮೂಡುತ್ತಿತ್ತು, ವಿಭೂತಿಯಲ್ಲಿ ಬರೆದಂತೆ. "ಈ ಎಐ ಹಳೇದನ್ನೆಲ್ಲ ಓದಿ, ಮುಂದೇನು ಬರುತ್ತೆ ಅಂತ ಊಹಿಸುತ್ತೆ ಅತ್ತೆ. ಮಾವನ ಥರಾನೇ ಬರೆಯೋದು ಕಲ್ತಿದೆ" ಎಂದಳು. ಸಾಲಿನ ಏಳನೆಯ ಮನೆಯಲ್ಲಿ ನಕ್ಷತ್ರದ ಗುರುತು ಹಾಕಿದರೆ ಆ ಸಾಲನ್ನು ಕಂಪ್ಯೂಟರ್ ಓದುವುದಿಲ್ಲವಂತೆ. ಅದು ಮನುಷ್ಯರಿಗೆ ಬರೆದಿಟ್ಟ ಮಾತಂತೆ. ಜಾತಕದಲ್ಲಿ ಏಳನೆಯ ಮನೆ ಗಂಡನದು. ಜಾತಕ ನಂಬಬೇಡಿ ಎಂದಿದ್ದಾರೆ ಶರಣರು. ನಂಬುವುದಿಲ್ಲ, ಆದರೂ ಮೈ ಜುಮ್ಮೆಂದಿತು. ಆ ಸಾಲುಗಳಲ್ಲಿ ಅವರು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆದಿದ್ದರು. ‘ಇದನ್ನ ಮುಟ್ಟಬ್ಯಾಡ್ರಿ, ಯಾಕಂದ್ರ...’ ಅಷ್ಟೇ. ಮಾತು ಮುಗಿಸುವ ರೂಢಿ ಅವರಿಗೆ ಎಂದೂ ಇರಲಿಲ್ಲ. "ಏ ಇಕಿನ, ಅದು..." ಅಂದರೆ ಟವೆಲ್ಲೋ ಕನ್ನಡಕವೋ ಚಹಾವೋ ನಾನೇ ತಿಳಿದು ತರಬೇಕು. ಮೂವತ್ತು ವರ್ಷ ಅವರ ಅರ್ಧ ಮಾತಿಗೆ ಉಳಿದರ್ಧ ನಾನು. ಈಗ ಆ ಕೆಲಸವನ್ನು ಮಶೀನು ಹಿಡಿದಿತ್ತು. ಅಂಜಿಕೆಯ ಜೊತೆ ಚೂರು ಹೊಟ್ಟೆಕಿಚ್ಚೂ ಆಯಿತು.

"ಇಲ್ನೋಡಿ, ಈ ಭಾಗಕ್ಕೆ ಮಾವ ‘ಚಾರ್ಜ್’ ಅಂತ ಹೆಸರಿಡೋಕೆ ಹೋಗಿ ಸ್ಪೆಲಿಂಗ್ ತಪ್ಪು ಮಾಡಿದಾರೆ. ಇದು ತಿದ್ದಿದೆ. ತಿಂಗಳಿಂದ ಒಂದ್ಸಲಾನೂ ಓಡಿಲ್ಲ, ತೆಗೆದುಬಿಡಿ ಅಂತಿದೆ. ಇಂಥದ್ದಕ್ಕೆ ನಾವು ಸತ್ತ ಕೋಡ್ ಅಂತೀವಿ."

"ಸತ್ತದ್ದು ಗಿತ್ತದ್ದು ಅನಬ್ಯಾಡ ಯವ್ವ, ಹಬ್ಬದ ಅಡಗಿ ಮಾಡಾಕತ್ತೇನಿ" ಎಂದೆ.

ಯಾಕೆ ತೆಗೆದದ್ದು ಎಂದು ಬರೆದಿಡಲು ಅವಳು ಒಂದು ನಕ್ಷತ್ರ ಹಾಕಿದಳು. ಮುಂದೆ ಏನನ್ನೂ ಒತ್ತಿರಲಿಲ್ಲ. ಬೂದಿ ಅಕ್ಷರಗಳು ಮೆಲ್ಲಗೆ ಮೂಡಿದವು. ‘ಇಕಿನ್ನ ಕೇಳು.’

"ಅತ್ತೆ, ಇಕಿ ಅಂದ್ರೆ ಯಾರು?"

ಅವರು ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ನಾನೇ ಬೇ. ಆ ತಿದ್ದಿದ್ದು ಬಿಡು, ಅವರು ಬರದಿದ್ದು ಓದು."

ಅವಳು ಒಂದೊಂದೇ ಅಕ್ಷರ ಕೂಡಿಸಿದಳು: "ಚ... ರ... ಗ."

"ಅಯ್ಯ ಶಿವನೇ! ಚಾರ್ಜ್ ಅಲ್ಲ ಯವ್ವ, ಚರಗ! ನಾಳಿ ಹೊಲದಾಗ ಭಜ್ಜಿ, ಕಡಬು ಚೆಲ್ಲಿ ಭೂಮಿತಾಯಿಗೆ ಉಣಸ್ತೀವಲ್ಲ, ಅದು. ನಾಳಿ ನಮ್ಮ ಕಡಿ ಯಾರೂ ಕುಡಗೋಲು ಮುಟ್ಟಂಗಿಲ್ಲ. ಪಾಳಿ ಬಂದ್ರೂ ಕಬ್ಬು ಕಡಿಯಂಗಿಲ್ಲ."

ಅವಳು ತಟ್ಟನೆ ಪಟ್ಟಿ ತೆರೆದಳು. ಮರುದಿನದ ಪಾಳಿಯಲ್ಲಿ ನಮ್ಮ ಕಡೆಯ ಊರುಗಳಾದ ಕರಜಗಿಯೂ ಇತ್ತು, ಅತನೂರೂ ಇತ್ತು. "ಅಷ್ಟೂ ಜನ ಕೊನೆಗೆ ಹೋಗಿಬಿಡ್ತಿದ್ರು ಅತ್ತೆ." ವರ್ಷಕ್ಕೊಂದೇ ದಿನ ಓಡುವ ಭಾಗ ಅದು. ಅವಳು ಆ ಭಾಗವನ್ನು ಮೊದಲಿನ ಹೆಸರಲ್ಲೇ ಮತ್ತೆ ಕೂರಿಸಿದ ಕೂಡಲೇ ಎರಡೂ ಊರಿನ ಪಾಳಿ ತಣ್ಣಗೆ ಅದರ ಮರುದಿನಕ್ಕೆ ಸರಿಯಿತು. ಅದರೊಳಗೆ ಪ್ರತಿ ವರ್ಷದ ಎಳ್ಳ ಅಮವಾಸ್ಯೆಯ ದಿನಗಳು ಸಾಲಾಗಿದ್ದವು. ತಾವಿಲ್ಲದ ವರ್ಷಗಳದ್ದನ್ನೂ ಬರೆದಿಟ್ಟು ಹೋಗಿದ್ದರು ಪುಣ್ಯಾತ್ಮರು.

ಪಟ್ಟಿ ಹೋದ ಮೇಲೆ ಮೇಘನಾ ಹಳೆಯ ಸಾಲುಗಳನ್ನೆಲ್ಲ ಜಾಲಾಡಿದಳು. ‘ಇಕಿನ್ನ ಕೇಳು’ ಎಲ್ಲಿಯೂ ಇರಲಿಲ್ಲ. "ಊಹೆ ಅತ್ತೆ, ಅಷ್ಟೇ" ಎಂದಳು. ಅನ್ನುತ್ತ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತಾಯಿಗೆ ಫೋನು ಮಾಡುತ್ತೇನೆಂದು ಮಾಳಿಗೆ ಹತ್ತಿದಳು. ಅಷ್ಟರಲ್ಲಿ ಯಜಮಾನರ ಜೊತೆ ಕೆಲಸ ಮಾಡಿದ ಮಹಿಬೂಬ್ ಸಾಬರ ಫೋನು ಬಂತು: "ವೈನಿ, ಪಟ್ಟಿ ಬಂತ್ರಿ. ಅಮಾಸಿ ಬಿಟ್ಟು ಹಾಕ್ಯಾರ. ಅಣ್ಣಾರೇ ಕುಂತು ತೆಗದಂಗ ಐತಿ ನೋಡ್ರಿ."

"ಹಂಗ ಅನಬ್ಯಾಡ್ರಿ ಸಾಬ್ರ, ಕೆಳಗ ಒಬ್ಬಾಕಿ ಅದೇನಿ."

ಕೋಣೆಯಲ್ಲಿ ಪರದೆ ಇನ್ನೂ ಬೆಳಗುತ್ತಿತ್ತು. ಆರಿಸೋಣವೆಂದು ಹೋದೆ. ಬೆರಳು ಎಲ್ಲಿ ತಾಗಿತೋ, ಒಂದು ನಕ್ಷತ್ರ ಬಂದು ಕೂತಿತು. ಅದರ ಮುಂದೆ ‘ಏ ಇಕಿನ...’ ಎಂದು ಮೂಡಿ, ನಿಂತಿತು.

"ತರ್ತೇನಿ, ತಡೀರಿ" ಅಂದುಬಿಟ್ಟೆ. ಅಡುಗೆಮನೆಗೆ ಹೋಗಿ ಚಹಾ ಕುದಿಸಿ, ಎರಡು ಕಪ್ಪಿಗೆ ಸೋಸಿದ ಮೇಲೆ ನೆನಪಾಯಿತು, ಸೊಸೆ ಕುಡಿಯುವುದು ಕಾಫಿ. ಯಜಮಾನರು ಸಕ್ಕರೆ ಕಾಯಿಲೆಯವರೆಂದು ಒಂದು ಕಪ್ಪಿಗೆ ಸಕ್ಕರೆಯನ್ನೂ ಹಾಕಿರಲಿಲ್ಲ. ಚೆಲ್ಲುವುದು ಬೇಡವೆಂದು ಆ ಸಪ್ಪೆಯದನ್ನೂ ನಾನೇ ಕುಡಿದೆ. ಯಾರೂ ನೋಡಲಿಲ್ಲ, ಅದೂ ಒಂದು ದಯೆಯೇ. ನಲ್ಲಿ ತಿರುಗಿಸಿ ಎರಡೂ ಕಪ್ಪು ತೊಳೆಯಲು ನಿಂತೆ.