ಗಲ್ಫ್ ಅಂಕಲ್ ಮತ್ತು ನೀರಿಲ್ಲದ ಸರೋವರ

ಸಮಯ: ಬೆಳಗಿನ ಎಂಟು. ಹವೆ: ಜುಲೈ ತಿಂಗಳ ಚಳಿ, ಆಕಾಶ ನಿರ್ಮಲ. ಹಾಜರಿದ್ದವರು: ನಾನು, ನನ್ನ ಪತ್ನಿ, ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಕನ್ನಡ ನಡಿಗೆ ಬಳಗ, ಮತ್ತು ಆ ಮನುಷ್ಯ. ಶಿಸ್ತು ಇರುವ ಕಡೆ ಇಂಥ ಪ್ರಸಂಗಗಳು ನಡೆಯಬಾರದು. ನನ್ನ ಪಾಲಿಗೆ ನಡೆಯುತ್ತಲೇ ಇರುತ್ತವೆ.

೧. ನೇಮಕ

ಬಳಗದ ಎಲ್ಲ ನಡಿಗೆಗಳಿಗೂ ಮುಂದಾಳು ನಾನೇ. ನಿವೃತ್ತ ವ್ಯಾಯಾಮ ಶಿಕ್ಷಕ; ಸೀಟಿ ಇಂದಿಗೂ ಕೊರಳಲ್ಲಿದೆ. ಆದರೆ ಈ ಸಲ ಹೊರಟದ್ದು ಉತ್ತರದ ಮರುಭೂಮಿಯ ಉಪ್ಪು ಸರೋವರಕ್ಕೆ. ಆ ಮನುಷ್ಯ ಮಂಗಳೂರಿನವರು. ಬಹುಕಾಲ ಗಲ್ಫ್‌ನಲ್ಲಿದ್ದು, ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ ನೆಲೆಸಿ, ಈಚೆಗಷ್ಟೇ ನಮ್ಮ ಬಡಾವಣೆಗೆ ಬಂದವರು. ವ್ಯಾನಿನಲ್ಲಿ ಒಬ್ಬ ವಿದ್ಯಾರ್ಥಿನಿ ಹೇಳಿದಳು: "ಸರ್, ಡೆಸರ್ಟ್ ಅಂದ್ಮೇಲೆ ಲೀಡ್ ಮಾಡೋದನ್ನ ಗಲ್ಫ್ ಅಂಕಲ್‌ಗೆ ಬಿಟ್ಬಿಡಿ."

ಒಪ್ಪುವವರು ಕೈ ಎತ್ತಬೇಕೆಂದು ನಾನೇ ಸೂಚಿಸಿದೆ. ಮೊದಲು ಎದ್ದದ್ದು ನನ್ನ ಪತ್ನಿಯ ಕೈ.

೨. ಕವಲುದಾರಿ

ಕವಲಿನಲ್ಲಿದ್ದ ಫಲಕ ಎಡಕ್ಕೆ ಹೋಗಲು ತಿಳಿಸುತ್ತಿತ್ತು. ಆತ ಮೀನುಸಾರಿನ ವರ್ಣನೆಯಲ್ಲಿ ಮೈಮರೆತು ಬಲಕ್ಕೆ ತಿರುಗಿದರು. ತಪ್ಪು ಪಕ್ವವಾಗಲಿ ಎಂದು ನಾನು ಮೌನ ವಹಿಸಿದೆ. ದಾರಿ ಒಂದು ದಿಬ್ಬದ ತಲೆಗೆ ಮುಟ್ಟಿಸಿತು. ಕೆಳಗೆ ಹನಿ ನೀರಿಲ್ಲದ ಸರೋವರ, ದಿಗಂತದವರೆಗೂ ಬಿಳಿ ಉಪ್ಪು. ಎಲ್ಲರೂ ಅವರನ್ನು ಹೊಗಳಿದರು. ನನ್ನ ನಡಿಗೆಗಳಲ್ಲಿ ಮೊಣಕಾಲು ನೋವೆಂದು ಮೊದಲ ಬೆಂಚನ್ನೇ ದಾಟದ ನನ್ನ ಪತ್ನಿ, ಅವರ ಪಕ್ಕದಲ್ಲಿ ಫೋಟೋಗೆ ನಿಲ್ಲಲು ಬಂಡೆ ಹತ್ತಿದಳು.

ಫೋಟೋ ತೆಗೆಯಲು ನನ್ನನ್ನು ಕರೆದರು.

೩. ಮನೆ ನೋಡಿದ್ದು

ಸರೋವರದ ಅಂಚಿನಲ್ಲಿ ಕಲ್ಲಿನ ಆಸರೆಗಳಿವೆ. ಈ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷ ವಾಸಿಸಿದ ಮನೆಗಳು. ಅವರದೇ ವಂಶದ ಹಿರಿಯಾಕೆಯೊಬ್ಬರು ನಮ್ಮನ್ನು ಒಳಗೆ ಕರೆದೊಯ್ದರು. ನಮ್ಮ ಹೆಂಗಸರು ಬಾಡಿಗೆಗೆ ಬಂದವರಂತೆ ಪರಿಶೀಲಿಸಿದರು: ಬಾಗಿಲು ಪೂರ್ವಕ್ಕಿದೆ, ಗಾಳಿ ಚೆನ್ನಾಗಿದೆ, ಮಸಿ ಹಿಡಿದ ಆ ಮೂಲೆಯೇ ಅಡಿಗೆಮನೆ. ಇಷ್ಟು ಹತ್ತಿರದಿಂದ ಯಾರೂ ನೋಡಿಲ್ಲವೆಂದು ಆಕೆ ನಕ್ಕರು. ಇಂಥ ಜಾಗಕ್ಕೆ ಕರೆತಂದ ಕೀರ್ತಿಯೂ ಗಲ್ಫ್ ಅಂಕಲ್‌ಗೇ ಸಂದಿತು.

ಇನ್ನು ಸುಮ್ಮನಿದ್ದರೆ ನನ್ನ ಸ್ಥಾನ ಶಾಶ್ವತವಾಗಿ ಹೋದಂತೆಯೇ. ಗಲ್ಫ್‌ನ ಮರುಭೂಮಿಯಲ್ಲಿ ತಾವು ಎಷ್ಟು ದೂರ ನಡೆದಿರುವಿರಿ ಎಂದು ಎಲ್ಲರೆದುರು ಪ್ರಶ್ನಿಸಿದೆ.

ಆತ ನಿಷ್ಕಪಟವಾಗಿ ನಕ್ಕರು. "ನಡೆಯುವುದಾ? ಎಲ್ಲಿಯದು ಮಾರಾಯ್ರೆ. ಎಸಿ ಮನೆ, ಎಸಿ ಬಸ್ಸು, ಎಸಿ ಆಫೀಸು. ಮರಳು ನೋಡಿದ್ದೇ ಕಿಟಕಿಯಿಂದ."

ನಾನು ಸೀಟಿ ಒರೆಸಿಕೊಂಡು ಸಿದ್ಧನಾದೆ. ಆಗ ನನ್ನ ಪತ್ನಿ ತೀರ್ಪು ಕೊಟ್ಟಳು:

"ರೀ, ಏನೂ ಗೊತ್ತಿಲ್ದೆ ಇವರು ಇಷ್ಟು ಚೆನ್ನಾಗಿ ಕರ್ಕೊಂಡು ಬಂದ್ರು. ಎಲ್ಲಾ ಗೊತ್ತಿರೋ ನೀವು ಹೋದ ಸಲ ಕಾರ್ ಪಾರ್ಕಿಂಗಲ್ಲೇ ಡ್ರಿಲ್ ಮಾಡಿಸಿ ವಾಪಸ್ ಕಳಿಸಿದ್ರಿ. ಮುಂದಿನ ಸಲಾನೂ ಇವರೇ ಇರ್ಲಿ."