ಮೋಡೆಮ್ಮಿನ ಕಿರುಚಾಟ

ನನ್ನ ಹೆಂಡತಿ ರಾಧಾಮಣಿಯ ಪ್ರಕಾರ ಈ ಮನೆಗೆ ವಕ್ಕರಿಸಿದ ಶನಿಗಳು ಎರಡು. ಒಂದು ನಮ್ಮ ಕಂಪ್ಯೂಟರನ್ನು ನಡೆಸುವ ಲಿನಕ್ಸು, ಇನ್ನೊಂದು ಅದನ್ನು ತಂದ ನಾನು. (ಲಿನಕ್ಸನ್ನಾದರೂ ಅಳಿಸಬಹುದು ಎಂಬುದೇ ಅವಳ ಸಮಾಧಾನ.)

ಅಂದು ಮಗಳು ಮಧುಶ್ರೀಯ ಪಿಯುಸಿ ಫಲಿತಾಂಶ. ನಮ್ಮೂರು ಊರಿಗಾಂನ ಹುಡುಗರೆಲ್ಲ ಬ್ರೌಸಿಂಗ್ ಸೆಂಟರಿಗೆ ಓಡಿದರೆ ನಾನು ಮಾತ್ರ, "ಮನೆಯಲ್ಲೇ ಕಂಪ್ಯೂಟರಿದೆ, ನಾವ್ಯಾಕೆ ಕ್ಯೂ ನಿಲ್ಲಬೇಕು?" ಎಂದು ಘೋಷಿಸಿದ್ದೆ.

ಮಧುಶ್ರೀ ತಿಂಡಿ ಮುಟ್ಟದೆ ಕುರ್ಚಿಯ ಹಿಂದೆ ನಿಂತಳು. ಡಯಲ್ ಮಾಡಲು ಕಮಾಂಡ್ ಕೊಟ್ಟೆ. ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೋಡೆಮ್ಮೇ ಇಲ್ಲ ಎಂದಿತು ಲಿನಕ್ಸು. ಪೋರ್ಟ್ ಬದಲಿಸಿದೆ. ಡಯಲ್ ಟೋನ್ ಇಲ್ಲ ಎಂದಿತು. ಫೋನೆತ್ತಿ ಕೇಳಿದರೆ ಟೋನು ಗುಂಯ್ ಅನ್ನುತ್ತಿದೆ! ಟೋನಿಗೆ ಕಾಯದೆ ಡಯಲ್ ಮಾಡು ಎಂದು ಮೋಡೆಮ್ಮಿಗೆ ಅಪ್ಪಣೆ ಬರೆದು, ಇಂಟರ್ನೆಟ್ಟಿನ ನಂಬರನ್ನೂ ಹೊಸದಾಗಿ ಟೈಪಿಸಿದೆ. ಡಯಲೇನೋ ಆಯಿತು, ಸಂಪರ್ಕ ಮಾತ್ರ ಇಲ್ಲ. ಅದು ಪಟ್ಟುಬಿಡದೆ ತಾನೇ ಮತ್ತೆ ಮತ್ತೆ ಡಯಲ್ ಮಾಡತೊಡಗಿತು.

"ಅಪ್ಪಾ, ಫೇಲಾದೋರಿಗೆ ಲೈನು ಸಿಗಲ್ವಾ?" ಎಂದಳು ಮಗಳು.

"ಮಗೀನ ಜೀವ ತೆಗೀಬೇಡಿ. ಸೆಂಟರ್‌ಗೆ ಓಗಿ ಬರೋಣ ನಡೀರಿ," ಎಂದಳು ರಾಧಾಮಣಿ.

"ಇನ್ನೊಂದೇ ಪ್ರಯತ್ನ!" (ಬೆಳಗಿನಿಂದ ಇದನ್ನೇ ಹೇಳುತ್ತಿದ್ದೆ.)

ಗಲಾಟೆ ಬೇಡವೆಂದು ಮುಚ್ಚಿಸಿದ್ದ ಮೋಡೆಮ್ಮಿನ ಸ್ಪೀಕರನ್ನು ಕೊನೆಗೆ ಚಾಲೂ ಮಾಡಿದೆ. ಆ ಕಡೆ ಏನಾಗುತ್ತಿದೆಯೋ ಕೇಳೋಣ ಎಂದು. ರಿಂಗಾಯಿತು. ಯಾರೋ ಎತ್ತಿದರು. ನಮ್ಮ ಮೋಡೆಮ್ಮು ಕೀಂ ಎಂದಿತು. ಒಡನೆ ಕಂಪ್ಯೂಟರಿನ ಹೊಟ್ಟೆಯೊಳಗಿಂದ ಅಚ್ಚ ಬಂಗಾರಪೇಟೆ ಕನ್ನಡ ಗುಡುಗಿತು: "ಯಾರ್ಲಾ ನೀನು? ಬೆಳಗ್ಗಿಂದ ಕಿವೀಲಿ ಕಿರುಚ್ತಾ ಇದೀಯಲ್ಲಾ, ನಿನ್ಗೆ ಮಾತ್ ಬರಾಕಿಲ್ವಾ?"

"ಅಯ್ಯೋ, ನಮ್ಮಮ್ಮ!" ರಾಧಾಮಣಿ ಫೋನಿಗೆ ಹಾರಿದಳು. ನಾನು ಮೋಡೆಮ್ಮಿನ ವೈರು ಕಿತ್ತೆ. ಮದುವೆಯಾದಂದಿನಿಂದ ಈ ಮನೆಯಲ್ಲಿ ನನ್ನ ಬೆರಳುಗಳಿಗೆ ಅಭ್ಯಾಸವಾಗಿದ್ದುದು ಮಾವನ ಮನೆಯ ನಂಬರೊಂದೇ. ಗಾಬರಿಯಲ್ಲಿ ಅದನ್ನೇ ಟೈಪಿಸಿದ್ದೆ!

ಅತ್ತೆ ದ್ಯಾವಮ್ಮನವರು ಹೇಳಿದ್ದು ಫೋನಿನಿಂದಾಚೆಗೂ ಕೇಳಿಸಿತು. "ನಿನ್ ತಮ್ಮ ಮುನೀಂದ್ರ ಸೆಂಟರ್‌ನಾಗೆ ನೋಡ್ಕಂಡ್ ಬಂದವ್ನೆ. ಮಗು ಫಸ್ಟ್ ಕ್ಲಾಸು ಕಣೇ! ನಿಮ್ಗೆ ಇಸ್ಯ ಏಳಾನಾ ಅಂದ್ರೆ ನಿಮ್ ಫೋನು ಯಾವಾಗ್ಲೂ ಎಂಗೇಜು."

ಮಧುಶ್ರೀ ಅಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ನನ್ನನ್ನು ಯಾರೂ ತಬ್ಬಲಿಲ್ಲ.

"ಅಪ್ಪ ಎಲ್ಲಮ್ಮಾ?" ರಾಧಾಮಣಿ ಫೋನಿನಲ್ಲಿ ಕೇಳಿದಳು.

"ಆ ಕಿರುಚೋನ್ ಮೇಲೆ ಕಂಪ್ಲೇಂಟ್ ಕೊಡಾಕೆ ಸ್ಟೇಷನ್‌ಗೆ ಓದ್ರು."

ರಾಧಾಮಣಿ ನನ್ನತ್ತ ತಿರುಗಿದಳು. ಚಪ್ಪಲಿ ಮೆಟ್ಟಿ ಓಡಿ ಬಂಗಾರಪೇಟೆಯ ಬಸ್ಸು ಹಿಡಿದೆ.

ಸ್ಟೇಷನ್ನಿನಲ್ಲಿ ಮಾವ ಹನುಮಂತರಾಯಪ್ಪನವರು ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು. "ಅಳಿಯಂದ್ರೇ, ದೇವ್ರು ಬಂದಂಗ್ ಬಂದ್ರಿ! ಕನ್ನಡಕ ಮರ್ತ್ ಬಂದೀನಿ. ನೀವೇ ಬರೀರಿ. ಅವನ್ಗೆ ಜಾಮೀನೂ ಸಿಗಬಾರ್ದು, ಅಂಗ್ ಬರೀರಿ!"

ನಿಜ ಹೇಳಲು ಬಾಯಿ ತೆರೆದೆ. ಪಕ್ಕದಲ್ಲೇ ನಿಂತಿದ್ದ ಪೊಲೀಸಿನವರು ಪೆನ್ನು ಕೈಗಿಟ್ಟರು.

"ಮಾನ್ಯರೇ," ಎಂದು ಬರೆದೆ, "ಯಾವನೋ ಒಬ್ಬ ಶುದ್ಧ ಅವಿವೇಕಿ..."